ಗುರುವಪ್ಪನ ಒಲೆಯೂ ಉದಯನ ಗಮ್‌ಬೂಟೂ

ಗುರುವಪ್ಪ ಸಾಂಬಾರಿಗೆ ಒಗ್ಗರಣೆ ಕೊಟ್ಟರೆ ನೆಟ್ಟಣ ಸ್ಟೇಷನ್ನಿನಲ್ಲಿ ರೈಲು ಎರಡು ನಿಮಿಷ ಹೆಚ್ಚು ನಿಲ್ಲುತ್ತದೆ. ಸುಳ್ಳು ಅನ್ನುವವರು ಬೇಕಾದರೆ ರೈಲಿನ ಗಾರ್ಡ್‌ನನ್ನೇ ಕೇಳಬಹುದು. ಸಿಗ್ನಲ್ ಸಿಗಲಿಲ್ಲ ಅಂತ ಅವನು ಹೇಳುತ್ತಾನೆ. ಹೇಳುವಾಗ ಅವನ ಮೂಗು ಯಾವ ದಿಕ್ಕಿಗೆ ತಿರುಗಿರುತ್ತದೆ ಎಂದು ಕಂಡವರಿಗೆ ಗೊತ್ತು. ಸುಳ್ಯ, ಪುತ್ತೂರು, ಕಡಬ ಮೂರೂ ತಾಲೂಕಿನಲ್ಲಿ ಗುರುವಪ್ಪನ ಅಡುಗೆ ಇಲ್ಲದೆ ಆದ ಮದುವೆಯನ್ನು ಯಾರೂ ಪೂರ್ತಿ ಮದುವೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗೆ ಮದುವೆಯಾದವರು ಈಗಲೂ ಸಣ್ಣದೊಂದು ಸಂಶಯ ಇಟ್ಟುಕೊಂಡೇ ಸಂಸಾರ ಮಾಡುತ್ತಿದ್ದಾರೆ.

ಅವನ ಅಡುಗೆಮನೆಗೆ ಒಂದೇ ಕಾನೂನು. ಒಲೆಗೆ ಬೆಂಕಿ ಕೊಡುವ ಮೊದಲು ಕಾಯಿ ಒಡೆದು, ಒಲೆಯ ತಲೆಗೆ ಒಂದು ಹೂವಿಟ್ಟು ಕೈ ಮುಗಿಯಬೇಕು. ಆಮೇಲೆ ಬೆಂಕಿ ಆರುವವರೆಗೆ ಆ ಜಾಗಕ್ಕೆ ಚಪ್ಪಲಿ ಹಾಕಿದ ಕಾಲು ಬರಕೂಡದು. ಒಮ್ಮೆ ಮದುಮಗನ ಸೋದರಮಾವ, ದೊಡ್ಡ ಅಧಿಕಾರಿ, ಬೂಟು ಹಾಕಿಕೊಂಡು ಪಾಯಸದ ರುಚಿ ನೋಡಲು ಬಂದಿದ್ದ. ಗುರುವಪ್ಪ ಎತ್ತಿದ ಸೌಟು ಕಂಡು ಅವನು ಓಡಿದ್ದು ಊಟದ ಹಾಲಿಗಲ್ಲ, ನೇರ ಬೆಂಗಳೂರಿಗೆ.

ಒಲೆಯಿಂದ ಕೊಪ್ಪರಿಗೆ ಇಳಿಸುವುದಕ್ಕೂ ಅವನದೊಂದು ಪದ್ಧತಿ. ಕೊಪ್ಪರಿಗೆಯ ಕಿವಿಗಳಿಗೆ ಸರಪಳಿ ಸಿಕ್ಕಿಸಿ, ಅದರಲ್ಲಿ ಬೈನೆ ಮರದ ದೊಣ್ಣೆ ತೂರಿಸಿ, ಒಂದು ತುದಿಗೆ ಗುರುವಪ್ಪನ ಹೆಗಲು, ಇನ್ನೊಂದಕ್ಕೆ ಮರ್ಕಂಜದ ಉದಯನ ಹೆಗಲು. ಉದಯ ಇಪ್ಪತ್ತರ ಪ್ರಾಯದಲ್ಲಿ ಆ ದೊಣ್ಣೆಗೆ ಹೆಗಲು ಕೊಟ್ಟವನು, ಈಗ ತಲೆಯಲ್ಲಿ ನರೆ. ಇಬ್ಬರದೂ ಒಂದೇ ಎತ್ತರ, ಒಂದೇ ಹೆಜ್ಜೆ. ಅವರು ಹೊತ್ತು ನಡೆಯುವಾಗ ಪಾಯಸದ ಮೇಲೆ ತೇಲುವ ಗೋಡಂಬಿ ಸಹ ನಿದ್ದೆಯಿಂದ ಏಳುತ್ತಿರಲಿಲ್ಲ.

ಕಡಬದ ಕಡೆಯ ಒಂದು ಮದುವೆಯಲ್ಲಿ ಉದಯ ಅನ್ನದ ಗಂಜಿ ಬಸಿಯುತ್ತಿದ್ದ. ನೆಲದ ಮೇಲೆ ಚೆಲ್ಲಿದ ಗಂಜಿನೀರು ಎಣ್ಣೆಯ ಹಾಗೆ ಜಾರುತ್ತದೆ. ಬರಿಗಾಲು ಜಾರಿತು, ಕುದಿಯುವ ಗಂಜಿ ಬಲಗಾಲಿನ ಮೇಲೆ ಇಳಿಯಿತು. ಅವನು ಕೂಗಿದ ಕೂಗಿಗೆ ಮಂಟಪದಲ್ಲಿ ಗಟ್ಟಿಮೇಳದವರು ಬಾರಿಸುವುದನ್ನು ನಿಲ್ಲಿಸಿದರಂತೆ.

ಗುರುವಪ್ಪ ಓಡಿ ಬಂದ. ಬಂದವನು ನಲ್ಲಿಯ ಕಡೆಗೆ ನೋಡಲಿಲ್ಲ. ಅಡುಗೆಯವರಿಗೆ ಸುಟ್ಟ ಗಾಯದ ಮದ್ದು ಒಂದೇ: ಮರುದಿನದ ಇಡ್ಲಿಗೆಂದು ಕಡೆದಿಟ್ಟ ಹಿಟ್ಟು. ಬೇರೆಯವರಾದರೆ ಒಂದು ಸೌಟು ಹಾಕುತ್ತಿದ್ದರು. ಗುರುವಪ್ಪ ಯಾವುದನ್ನೂ ಕಮ್ಮಿ ಮಾಡಿದವನಲ್ಲ. ಅರ್ಧ ಹಂಡೆ ಹಿಟ್ಟನ್ನು ಮೊಣಕಾಲಿನವರೆಗೆ ಮೆತ್ತಿ, ಮೇಲೆ ಬಾಳೆಲೆ ಸುತ್ತಿ, ಉದಯನನ್ನು ಜೀಪಿಗೆ ಹತ್ತಿಸಿದ. ಸುಳ್ಯದ ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವಾಗ ಅದು ಕಾಲೋ ಕಡುಬೋ ಎಂದು ವಾಚ್‌ಮ್ಯಾನಿಗೆ ಗೊತ್ತಾಗಲಿಲ್ಲ.

ಡಾಕ್ಟರಮ್ಮ ಬಾಳೆಲೆ ಬಿಚ್ಚಿ, ಬೆರಳಿಗೆ ಅಂಟಿದ್ದನ್ನು ಮೂಸಿ ನೋಡಿದಳು.

"ಇದು ಎಂತ?"

"ಇಡ್ಲಿ ಹಿಟ್ಟು, ಮೇಡಂ," ಎಂದ ಉದಯ.

"ಯಾರು ಹಾಕಿದ್ದು?"

"ನಾನೇ," ಎಂದ ಗುರುವಪ್ಪ, ಬಹುಮಾನಕ್ಕೆ ಹೆಸರು ಕರೆದವರ ಹಾಗೆ ಒಂದು ಹೆಜ್ಜೆ ಮುಂದೆ ಬಂದು. "ಹಿಟ್ಟು ಭಾರೀ ಒಳ್ಳೇದುಂಟು. ಉದ್ದು ನಾನೇ ನಿಂತು ಕಡೆಸಿದ್ದು. ಹುಳಿಯೂ ಹದಕ್ಕೆ ಬಂದಿತ್ತು."

"ಈಗ ಹಿಟ್ಟು ತೆಗಿಲಿಕ್ಕೆ ಹೋದ್ರೆ ಚರ್ಮವೂ ಅದರೊಟ್ಟಿಗೆ ಬರ್ತದೆ. ಹದ ಅಂತೆ! ನೀರು ಹಾಕ್ಬೇಕಿತ್ತು. ಬರೇ ನೀರು. ನಲ್ಲಿಯ ಅಡಿಯಲ್ಲಿ ಇಪ್ಪತ್ತು ನಿಮಿಷ ಕಾಲು ಹಿಡಿದಿದ್ರೆ ಇಷ್ಟು ಆಗ್ತಿರ್ಲಿಲ್ಲ."

ಮೂವತ್ತು ವರ್ಷ ಯಾರಿಂದಲೂ ಉಪ್ಪು ಕಮ್ಮಿ ಎಂದು ಸಹ ಹೇಳಿಸಿಕೊಳ್ಳದವನು ಗುರುವಪ್ಪ. ಅವನು ಆಸ್ಪತ್ರೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ವರ್ಷದ ಏಕಾದಶಿಗಳನ್ನೆಲ್ಲ ಓದಿ ಮುಗಿಸಿದ.

ಆಮೇಲೆ ಅವನು ಉದಯನನ್ನು ನೋಡಿಕೊಂಡ ರೀತಿಯಲ್ಲಿ ಯಾವ ಕಂಪೆನಿಯೂ ಯಾವ ಕೆಲಸಗಾರನನ್ನೂ ನೋಡಿಕೊಂಡದ್ದಿಲ್ಲ. ಆಸ್ಪತ್ರೆಯ ಖರ್ಚೂ ಅವನದ್ದೇ, ಉದಯನ ಮನೆಯ ದಿನಸಿಯೂ ಅವನದ್ದೇ. ಮೂರು ಹೊತ್ತೂ ಕ್ಯಾರಿಯರಿನಲ್ಲಿ ಊಟ. ಒಬ್ಬನಿಗೆ ಅಳೆದು ಅಡುಗೆ ಮಾಡಲು ಗುರುವಪ್ಪನ ಕೈಗೆ ಬಾರದು. ಹಾಗಾಗಿ ಇಡೀ ವಾರ್ಡಿಗೆ ಬಡಿಸಿದ. ಗುಣವಾದ ರೋಗಿಗಳು ಮನೆಗೆ ಹೋಗಲು ಒಪ್ಪಲಿಲ್ಲ. ಒಬ್ಬ ಅಪೆಂಡಿಕ್ಸಿನವನು ಇನ್ನೊಂದು ಅಪೆಂಡಿಕ್ಸ್ ಇದ್ದರೂ ಇರಬಹುದು, ಸರಿಯಾಗಿ ಹುಡುಕಿ ಎಂದು ಗಲಾಟೆ ಮಾಡಿದ.

ಉದಯನ ತೊಡೆಯ ಚರ್ಮ ತೆಗೆದು ಪಾದಕ್ಕೆ ಹೊಲಿದರು. ಬಿಡುಗಡೆಯ ದಿನ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದಳು: ಈ ಕಾಲು ಇನ್ನು ಬೆಂಕಿಯ ಹತ್ತಿರ ಬರಿದಾಗಿ ಹೋಗಬಾರದು.

ಉದಯ ಕುಂಟುತ್ತಾ ನೇರ ಹೋದದ್ದು ಉಸ್ಮಾನಾಕನ ಅಂಗಡಿಗೆ. ಊರಿಗೆಲ್ಲ ಕಾಕನಾದ ಉಸ್ಮಾನ್ ಸುಳ್ಯದ ಪೇಟೆಯಲ್ಲಿ ರಬ್ಬರ್ ಟ್ಯಾಪಿಂಗಿನ ಸಾಮಾನು, ಟಾರ್ಪಾಲು, ಗಮ್‌ಬೂಟು ಮಾರುವವನು. ಅವನು ದಪ್ಪ ಅಟ್ಟೆಯ, ಜಾರದ ಜಾತಿಯ ಒಂದು ಜೊತೆ ಆರಿಸಿ ಕೊಟ್ಟ. ಅದನ್ನು ಕೈಯಲ್ಲಿ ಹಿಡಿದು ಉದಯ ಗುರುವಪ್ಪನ ಮನೆಯ ಜಗಲಿಗೆ ಬಂದ.

"ಅಣ್ಣ, ನಾನು ಕೆಲಸಕ್ಕೆ ಬರ್ತೇನೆ. ಆದ್ರೆ ಇದು ಹಾಕಿಯೇ ಬರುದು."

"ಅಡುಗೆಮನೆಯ ಬಾಗಿಲವರೆಗೆ ಹಾಕು. ಅಲ್ಲಿ ಬಿಡು."

"ಬಾಗಿಲಲ್ಲಿ ಗಂಜಿ ಬಸಿಯುದಾ ಅಣ್ಣ?"

"ಅಗ್ನಿ ಇರುವ ಜಾಗ ಮಾರಾಯ! ದೇವಸ್ಥಾನಕ್ಕೆ ನೀನು ಬೂಟ್ ಹಾಕಿ ಹೋಗ್ತೀಯಾ?"

"ದೇವಸ್ಥಾನದಲ್ಲಿ ಯಾರೂ ನನ್ನ ಕಾಲಿಗೆ ಗಂಜಿ ಹೊಯ್ಯುದಿಲ್ಲ."

ಒಳಗಿನಿಂದ ಗುರುವಪ್ಪನ ಹೆಂಡತಿ ತಿಮ್ಮಕ್ಕ ನಕ್ಕದ್ದು ಕೇಳಿತು. ಉದಯ ನಗಲಿಲ್ಲ. ಪುತ್ತೂರಿನ ಒಂದು ಹೋಟೆಲಿನವರು ಕರೆದಿದ್ದಾರೆ, ಅಲ್ಲಿ ಬೂಟು ಅವರೇ ಕೊಡುವುದಂತೆ, ಬರುವ ತಿಂಗಳು ಸೇರಬೇಕು ಎಂದು ಹೇಳಿ, ಮೆಟ್ಟಿಲಿಳಿದು ಹೋದ.

"ಹೋಗ್ಲಿ ಬಿಡಿ," ಎಂದಳು ತಿಮ್ಮಕ್ಕ ಹೊರಗೆ ಬಂದು. "ನಿಮ್ಗೆ ಉದಯ ಹೋದ್ರೆ ಎಂತ? ಒಲೆ ಉಂಟಲ್ಲ. ನಾಳೆಯಿಂದ ದೊಣ್ಣೆಯ ಆಚೆ ತಲೆ ಒಲೆಯ ಹೆಗಲಿಗೆ ಕೊಡಿ."

ಮರುದಿನದಿಂದ ಗುರುವಪ್ಪ ಹೋದ ಮದುವೆಯಲ್ಲೆಲ್ಲ ಅಡುಗೆಮನೆಯನ್ನು ತಿದ್ದಿದ. ನೆಲಕ್ಕೆ ಎಷ್ಟು ಮರಳು ಹಾಕಿಸಿದನೆಂದರೆ ಪಯಸ್ವಿನಿ ಹೊಳೆ ಆ ವಾರ ಒಂದು ಅಡಿ ಆಳವಾಯಿತು. ಗೋಣಿಚೀಲ ಹಾಸಿದ, ಗಂಜಿ ಹೋಗಲು ಬೇರೆ ಚರಂಡಿ ತೋಡಿಸಿದ, ಮದ್ದಿನ ಪೆಟ್ಟಿಗೆ ತಂದ. ಅದು ಮದುಮಗಳ ಪೆಟ್ಟಿಗೆಗಿಂತ ದೊಡ್ಡದು. ಚಪ್ಪಲಿಯ ಸುದ್ದಿ ಮಾತ್ರ ಎತ್ತಲಿಲ್ಲ.

ದೊಣ್ಣೆಯ ಆಚೆ ತುದಿಗೆ ಜನ ಹುಡುಕಿದ. ನೆಟ್ಟಣದಿಂದ ಬಂದವನು ತೆಂಗಿನ ಮರ. ಅವನು ಎದ್ದು ನಿಂತಾಗ ಸಾರು ಪೂರ್ತಿ ಗುರುವಪ್ಪನ ಕಡೆಗೆ ವಲಸೆ ಬಂತು. ಪಂಜದವನು ಗಿಡ್ಡ. ಕೊನೆಗೆ ಎತ್ತರ ಹೊಂದುವ ಒಬ್ಬ ಸಿಕ್ಕಿದ. ಆದರೆ ಅವನಿಗೆ ನಡೆಯುವಾಗ ಹಾಡು ಗುನುಗುವ ಚಾಳಿ, ಹಾಡು ಬದಲಾದರೆ ಹೆಜ್ಜೆಯೂ ಬದಲಾಗುತ್ತಿತ್ತು. ಗುರುವಪ್ಪನಿಗೆ ದಿನವೂ ಹೆಗಲು ನೋವು. ನೋವು ಹೆಗಲಿನದ್ದಲ್ಲ ಎಂದು ತಿಮ್ಮಕ್ಕ ಎಣ್ಣೆ ತಿಕ್ಕುವಾಗಲೆಲ್ಲ ಹೇಳುತ್ತಿದ್ದಳು.

ಉದಯ ಪುತ್ತೂರಿಗೆ ಹೋಗುವ ಮುನ್ನಾದಿನ ಸುಳ್ಯದ ಪೇಟೆಯಲ್ಲೇ ಒಂದು ದೊಡ್ಡ ಮದುವೆ. ಗುರುವಪ್ಪ ಅವನಿಗೆ ಫೋನ್ ಮಾಡಿದ. "ಒಲೆಯ ಹತ್ರ ಬರುದು ಬೇಡ. ಹಿಂದಿನ ಕೋಣೆಯಲ್ಲಿ ಕುರ್ಚಿ ಹಾಕ್ತೇನೆ, ಕೂತು ಸೌತೆ ಕೊರೆ. ಬೂಟಾದ್ರೂ ಹಾಕು, ಕಿರೀಟವಾದ್ರೂ ಹಾಕು." ಉದಯ ಬಂದ. ಬೂಟು ಹಾಕಿಕೊಂಡೇ ಬಂದ. ಕೂತು ಸೌತೆ ಕೊರೆಯತೊಡಗಿದ.

ಹಾಡಿನವನು ಅವತ್ತು ಬರಲಿಲ್ಲ, ಫೋನೂ ತೆಗೆಯಲಿಲ್ಲ. ಇದ್ದ ಹೆಗಲುಗಳಲ್ಲಿ ಒಂದೊಂದನ್ನೇ ಸೇರಿಸಿ ಗುರುವಪ್ಪ ಅನ್ನ ಇಳಿಸಿದ, ಸಾಂಬಾರು ಇಳಿಸಿದ. ಹೊರಗೆ ಎಲೆ ಹಾಕಿಯಾಗಿತ್ತು. ಉಳಿದದ್ದು ಪಾಯಸ. ಆ ಕೊಪ್ಪರಿಗೆಯಲ್ಲಿ ಆನೆಯೊಂದು ಮಿಂದು ಎದ್ದರೂ ಬದಿಗೆ ಜಾಗ ಉಳಿಯುತ್ತದೆ. ಒಲೆಯ ಕೊಳ್ಳಿ ಎಳೆದಾಯಿತು. ಆದರೂ ಕೆಂಡದ ಕಾವಿಗೆ ಬೆಲ್ಲ ತಳ ಹಿಡಿಯುವ ಮೊದಲಿನ ವಾಸನೆ ಸಣ್ಣಗೆ ಎದ್ದಿತು. ಗುರುವಪ್ಪ ದೊಣ್ಣೆಯ ಒಂದು ತುದಿ ಹಿಡಿದು ನಿಂತ. ಆಚೆ ತುದಿಗೆ ಯಾರೂ ಬರಲಿಲ್ಲ. ಅಷ್ಟು ತೂಕಕ್ಕೆ ಹೆಗಲು ಕೊಡುವ ಧೈರ್ಯ ಯಾರಿಗೂ ಇಲ್ಲ.

ಹಿಂದಿನ ಕೋಣೆಯ ಬಾಗಿಲಲ್ಲಿ ಉದಯ ಬಂದು ನಿಂತಿದ್ದ. ಅವನಿಗೂ ವಾಸನೆ ಹೊಡೆದಿತ್ತು.

"ಬರ್ಲಾ?"

ಗುರುವಪ್ಪ ಅವನ ಕಾಲು ನೋಡಿದ. ಒಲೆ ನೋಡಿದ. ಪಾಯಸ ತಳ ಹಿಡಿಯುವುದೆಂದರೆ ಅವನ ಮಟ್ಟಿಗೆ ಪ್ರಳಯಕ್ಕಿಂತ ಒಂದು ಕೈ ಹೆಚ್ಚು.

"ಬಾ ಬೇಗ," ಎಂದ, ಮುಖ ಬೇರೆ ಕಡೆ ತಿರುಗಿಸಿ.

ಕಪ್ಪು ಬೂಟಿನ ಎರಡು ಕಾಲು ಗುರುವಪ್ಪನ ಒಲೆಯ ಮುಂದೆ ಬಂದು ನಿಂತವು. ಸಿಡಿಲು ಹೊಡೆಯಲಿಲ್ಲ. ದೊಣ್ಣೆ ಹೆಗಲಿಗೇರಿತು, ಇಬ್ಬರೂ ಒಟ್ಟಿಗೆ ಎದ್ದರು, ಕೊಪ್ಪರಿಗೆ ಒಲೆ ಬಿಟ್ಟು ಗಾಳಿಗೆ ಬಂತು. ಹೆಜ್ಜೆ ಹಳೆಯದೇ. ಆದರೆ ಬೂಟಿನ ಅಟ್ಟೆಯಿಂದ ಉದಯ ಎರಡು ಬೆರಳು ಎತ್ತರವಾಗಿದ್ದ. ಮೂರನೇ ಹೆಜ್ಜೆಗೆ ಸರಪಳಿ ದೊಣ್ಣೆಯ ಮೇಲೆ ತಗ್ಗಿನ ಕಡೆಗೆ ಜಾರಿತು. ತಗ್ಗಿನ ಕಡೆಗೆ ಇದ್ದವನು ಬರಿಗಾಲಿನ ಗುರುವಪ್ಪ.

"ಇಳಿಸು! ಇಳಿಸು!"

ಇಳಿಸಿದರು. ಇಳಿಯುವಾಗ ಒಂದು ಅಲೆ ಅಂಚು ದಾಟಿ ಬಂತು. ಹೆಚ್ಚಿನದು ಮರಳಿಗೆ ಬಿತ್ತು. ಒಂದು ಸೌಟಿನಷ್ಟು ಗುರುವಪ್ಪನ ಎಡಗಾಲಿನ ಬೆರಳುಗಳ ಮೇಲೆ ಬಿತ್ತು. ಕುದಿದ ಬೆಲ್ಲ ಬಿದ್ದಲ್ಲಿಂದ ಅಲುಗುವುದಿಲ್ಲ, ಅಂಟಿಕೊಂಡೇ ಸುಡುತ್ತದೆ. ಗುರುವಪ್ಪ ಕೂಗಲಿಲ್ಲ, ಅವನ ಬಾಯಿ ಮಾತ್ರ ಇಡ್ಲಿ ಹಂಡೆಯಷ್ಟು ಅಗಲ ತೆರೆಯಿತು. ಮುಸುರೆ ತಿಕ್ಕುತ್ತಿದ್ದ ಹೆಂಗಸೊಬ್ಬಳು ಹಿಟ್ಟು ತರಲು ಎದ್ದಳು.

"ಹಿಟ್ಟು ಮುಟ್ಟಿದ್ರೆ ಜಾಗ್ರತೆ!" ಎಂದು ಉದಯ ಗದರಿದ. ಗುರುವಪ್ಪನನ್ನು ಕಂಕುಳಲ್ಲಿ ಹಿಡಿದು ಎಳೆದುಕೊಂಡು ಹೋಗಿ ನಲ್ಲಿಯ ಅಡಿಗೆ ಕಾಲು ಇಡಿಸಿದ.

ಮದುಮಗಳ ತಂದೆ ಓಡಿ ಬಂದರು. "ಎಂತ ಗುರುವಪ್ಪಣ್ಣ, ಜನ ಎಲೆಯ ಮುಂದೆ ಕೂತು ಆಯ್ತು! ಪಾಯಸ ಎಲ್ಲಿ?"

"ಇಪ್ಪತ್ತು ನಿಮಿಷ," ಎಂದ ಉದಯ.

"ಇಪ್ಪತ್ತು ನಿಮಿಷ ನೀರಿನಲ್ಲಿ ಕಾಲಾಡಿಸುದಾ? ಇದೆಂತ ಸುಬ್ರಹ್ಮಣ್ಯದ ತೀರ್ಥಸ್ನಾನವಾ?"

"ಹೌದು. ನೀವು ಅಷ್ಟರವರೆಗೆ ಪಲ್ಯ ಇನ್ನೊಂದು ಸುತ್ತು ಬಡಿಸ್ಲಿಕ್ಕೆ ಹೇಳಿ."

ಗುರುವಪ್ಪ ತನ್ನ ಜೀವಮಾನದಲ್ಲಿ ಮದುವೆಯ ಊಟದ ಹೊತ್ತಿಗೆ ಸುಮ್ಮನೆ ನಿಂತದ್ದು ಅದೇ ಮೊದಲು. ನೀರು ಬೀಳುತ್ತಲೇ ಇತ್ತು. ಪಕ್ಕದಲ್ಲಿ ಉದಯನ ಬೂಟಿನ ಮೇಲೂ ಪಾಯಸದ ಹನಿಗಳು ಸಿಡಿದಿದ್ದವು. ಅವು ಅಲ್ಲೇ ಒಣಗುತ್ತಿದ್ದವು, ಉದಯನಿಗೆ ಅವು ಬಿದ್ದದ್ದೇ ಗೊತ್ತಿರಲಿಲ್ಲ. ಗುರುವಪ್ಪ ಅದನ್ನು ಸುಮಾರು ಹೊತ್ತು ನೋಡಿದ.

"ಅವತ್ತು ನಿನಗೆ ಇದಕ್ಕಿಂತ ಹೆಚ್ಚು ಉರಿದದ್ದಾ?"

"ಇದು ಬೆರಳು ಅಣ್ಣ. ಅದು ಕಾಲು."

ಗುರುವಪ್ಪ ಅಂಗಿಯ ಕಿಸೆಯಿಂದ ಫೋನ್ ತೆಗೆದ. "ಉಸ್ಮಾನಾಕ, ಒಂದು ಜೊತೆ ಗಮ್‌ಬೂಟ್ ಬೇಕು. ಉದಯನದ್ದು ಉಂಟಲ್ಲ, ಅದೇ ಅಟ್ಟೆ. ದಪ್ಪ ಒಂದು ಕೂದಲಿನಷ್ಟೂ ಆಚೀಚೆ ಆಗ್ಬಾರ್ದು. ಯಾರೂ ಕಾಲು ಹಾಕಿ ನೋಡದ್ದೇ ಬೇಕು. ಈಗ. ಮದುವೆ ಹಾಲಿಗೇ."

ಉಸ್ಮಾನಾಕನ ಸ್ಕೂಟರ್ ಸುಳ್ಯದ ಪೇಟೆಯಲ್ಲಿ ಹಾಗೆ ಹಾರಿದ್ದನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ. ಎರಡು ಬಸ್ಸು, ಒಂದು ಆಂಬುಲೆನ್ಸ್ ಅದಕ್ಕೆ ದಾರಿ ಬಿಟ್ಟವು. ಅವನು ಬರುವಾಗ ಇಪ್ಪತ್ತು ನಿಮಿಷ ಮುಗಿದು, ಉದಯ ಮದ್ದಿನ ದೊಡ್ಡ ಪೆಟ್ಟಿಗೆಯಿಂದ ತೆಗೆದ ಒಣ ಬಟ್ಟೆ ಸುತ್ತಿ ಆಗಿತ್ತು. ಗುರುವಪ್ಪ ಬೂಟನ್ನು ತೊಳೆದ, ಅರಸಿನ ನೀರು ಚಿಮುಕಿಸಿದ, ಒಲೆಗೆ ಒಮ್ಮೆ ತೋರಿಸಿದ, ಒಂದು ಕಾಯಿ ಒಡೆದ. ಇನ್ನೇನು ಹೂವಿಗೆ ಕೈ ಹಾಕಬೇಕು, ಉಸ್ಮಾನಾಕ ತಡೆಯಲಾರದೆ ಹೇಳಿದ:

"ಗುರುವಪ್ಪ ಗೌಡ್ರೆ, ಪೂಜೆ ಆಮೇಲೆ ಮಾಡುವ. ಮೊದ್ಲು ಕಾಲು ಹಾಕಿ, ಅಳತೆ ಸರಿ ಉಂಟಾ ಅಂತ ನೋಡುವ. ತೆಂಗಿನಕಾಯಿ ಒಡೆದ ಮಾಲು ನಾನು ವಾಪಸ್ ತಕ್ಕೊಳ್ಳುದಿಲ್ಲ."

ಅಳತೆ ಸರಿ ಇತ್ತು. ಬಟ್ಟೆ ಸುತ್ತಿದ ಬೆರಳು ಒಳಗೆ ಹೋಗುವಾಗ ಗುರುವಪ್ಪ ಹಲ್ಲು ಕಚ್ಚಿದ.

"ನೋವುಂಟಾದ್ರೆ ಬೇಡ ಅಣ್ಣ. ಸಣ್ಣ ಪಾತ್ರೆಯಲ್ಲಿ ತೋಡಿ ಕೊಂಡೋಗುವ."

"ಗುರುವಪ್ಪನ ಪಾಯಸ ಬಕೆಟಿನಲ್ಲಿ ಹೋಗುದಾ? ಹಿಡಿ ದೊಣ್ಣೆ."

ದೊಣ್ಣೆ ಎರಡು ಹೆಗಲಿನ ಮೇಲೆ ನೆಟ್ಟಗೆ ಕೂತಿತು. ಸರಪಳಿ ನಡುವಿನಿಂದ ಅತ್ತಿತ್ತ ಸರಿಯಲಿಲ್ಲ. ನಾಲ್ಕು ಬೂಟು ಮರಳಿನ ಮೇಲೆ ಒಂದೇ ಸದ್ದು ಮಾಡುತ್ತಾ ಬಾಗಿಲ ಕಡೆಗೆ ನಡೆದವು.

"ಕಾಲು ಬೆವರ್ತದೆ ಮಾರಾಯ," ಎಂದ ಗುರುವಪ್ಪ, ಹಿಂದೆ ತಿರುಗದೆ. ಬಾಗಿಲು ದಾಟಿದ ಮೇಲೆ ಕೇಳಿದ, "ನಾಳೆ ಪುತ್ತೂರಿಗೆ ಎಷ್ಟು ಗಂಟೆಗೆ ಹೋಗುದು?"

ಉದಯ ಹೆಗಲಿನ ದೊಣ್ಣೆಯನ್ನು ಇನ್ನೊಂದು ಕೈಯಿಂದಲೂ ಹಿಡಿದುಕೊಂಡ.

"ನಮ್ಮ ಅನ್ನ ಬಸಿಯುವವರಿಗೆ ಎರಡು ಜೊತೆ ಬೂಟು, ಕರಿಯುವವನಿಗೆ ಒಂದು, ಮುಸುರೆಯ ಹೆಂಗಸರಿಗೂ ಬೇಕು," ಎಂದ. "ಉಸ್ಮಾನಾಕ ಹೋಗುವ ಮೊದ್ಲು ಹೇಳಿ ಬಿಡಿ ಅಣ್ಣ."