ಹತ್ತು ಗಾಲಿಗಳಲ್ಲಿ ಆರು ಉಳಿದ ಕಥೆ

ನಾನು ಒಂದು ಪ್ಲಾಸ್ಟಿಕ್ ರೈಲು ಎಂಜಿನ್. ಓಡುವುದಿಲ್ಲ, ಕೂಗುವುದಿಲ್ಲ, ಮೊಳಕ್ಕಿಂತ ತುಸು ಉದ್ದ ಇದ್ದೇನೆ ಅಷ್ಟೆ. ನನ್ನನ್ನು ಆಟಿಕೆ ಎಂದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಆಟಿಕೆಯನ್ನು ಅಂಗಡಿಯಿಂದ ತಂದ ಕೂಡಲೇ ಆಡಬಹುದು. ನನ್ನಂಥವರನ್ನು ಮೊದಲು ಕೂತು ಕಟ್ಟಬೇಕು, ಅದಕ್ಕೆ ತಾಳ್ಮೆ ಬೇಕು, ಕೈ ಬೇಕು, ಕಣ್ಣು ಬೇಕು.

ದೂರದೇಶದ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಕಾದು ಕರಗಿದ ಬೂದು ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ನುಗ್ಗಿಸಿದರು. ಅಚ್ಚು ಬಾಯಿ ತೆರೆದಾಗ ನಾನು ಒಬ್ಬನಾಗಿರಲಿಲ್ಲ, ನೂರಾರು ತುಂಡಾಗಿದ್ದೆ. ಹುಣಸೆ ಟೊಂಗೆಗೆ ಕಾಯಿ ಜೋತ ಹಾಗೆ ಒಂದೊಂದು ಚೌಕಟ್ಟಿಗೂ ನನ್ನ ಗಾಲಿ, ಕೊಳವೆ, ಬಾಗಿಲು, ಹೊಟ್ಟೆಯ ಎರಡು ಹೋಳು ಅಂಟಿಕೊಂಡಿದ್ದವು. ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿ ಮೇಲೆ ಹಾಳೆ ಸುತ್ತಿದರು. ಮುಚ್ಚಳದ ಮೇಲೆ ಒಂದು ಚಿತ್ರವಿತ್ತು. ಯುದ್ಧಕಾಲದ ಜರ್ಮನ್ ಗೂಡ್ಸ್ ಎಂಜಿನ್ನು, ಹತ್ತು ದೊಡ್ಡ ಗಾಲಿ, ಸುತ್ತ ಹಿಮ, ಮೇಲೆ ಕಪ್ಪು ಹೊಗೆ. ಒಂದು ದಿನ ನಾನು ಇದಾಗುತ್ತೇನೆ ಎಂದು ತಿಳಿದಾಗ ನನಗೆ ಸೊಕ್ಕು ಬಂದಿತ್ತು. ಆ ಸೊಕ್ಕು ಇಳಿಯುವುದಕ್ಕೆ ಬಹಳ ಕಾಲ ಹಿಡಿಯಲಿಲ್ಲ.

ನನ್ನನ್ನು ಮೊದಲು ಕೊಂಡವರು ಧಾರವಾಡದ ಒಬ್ಬ ವಕೀಲರು. ಅವರ ಕಪಾಟಿನಲ್ಲಿ ನನ್ನಂಥ ಡಬ್ಬಿಗಳು ಅಟ್ಟಕ್ಕೆ ಮುಟ್ಟುವಷ್ಟಿದ್ದವು, ಒಂದನ್ನೂ ಒಡೆದಿರಲಿಲ್ಲ. ಈ ಹವ್ಯಾಸದ ಮಂದಿಯೇ ಹಾಗೆ. ಕೊಳ್ಳುವುದು ಒಂದು ಹವ್ಯಾಸ, ಕಟ್ಟುವುದು ಇನ್ನೊಂದು. ಇರುವ ಡಬ್ಬಿಗಿಂತ ಇನ್ನೂ ಬರದ ಡಬ್ಬಿಯ ಮೇಲೆ ಇವರಿಗೆ ಹೆಚ್ಚು ಪ್ರೀತಿ. ವಕೀಲರು ತೀರಿಕೊಂಡರು, ಮನೆಯವರು ಕಪಾಟು ಖಾಲಿ ಮಾಡಿದರು, ನಾನು ಹುಬ್ಬಳ್ಳಿಯ ನೀಲಕಂಠ ಹೂಗಾರರ ಕೈಗೆ ಬಂದೆ.

ನೀಲಕಂಠರದು ಹಲ್ಲಿನ ಸೆಟ್ಟು ಮಾಡುವ ಕೆಲಸ. ಗಣೇಶಪೇಟೆಯಲ್ಲಿ ಕೆಳಗೆ ಕೆಲಸದ ಕೋಣೆ, ಮೇಲೆ ಮನೆ. ಹಗಲೆಲ್ಲ ಊರಿನ ಮುದುಕರ ಬಾಯಿಗೆ ಹಲ್ಲು ಕಟ್ಟುವರು, ಬಿಡುವಾದಾಗ ಅದೇ ಅರ, ಅದೇ ಕೊರೆಯುವ ಸೂಜಿಗಳಿಂದ ವಿಮಾನ, ಹಡಗು, ಟ್ಯಾಂಕು ಕಟ್ಟುವರು. ನನ್ನ ಡಬ್ಬಿಯನ್ನು ಅವರು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಕಿವಿಗೊಟ್ಟರು. ಇವರು ನನ್ನನ್ನು ಕಟ್ಟುತ್ತಾರೆ ಎಂದು ನನಗೆ ಅನ್ನಿಸಿತು. ಆದರೆ ಅವರು ಹೆಂಡತಿ ಶಾಂಭವಿಗೆ ಹೇಳಿದ್ದೇ ಬೇರೆ. ಇದು ಜೋಡಿಗೆ ಇರಲಿ, ವೈಪಿ ಬಂದ ಮೇಲೆ ಪಕ್ಕದಲ್ಲಿ ನಿಲ್ಲಿಸೋಣ ಎಂದರು.

ವೈಪಿ ಎಂದರೆ ಮೀಟರ್ ಗೇಜ್ ಹಳಿಯ ಮೇಲೆ ಪ್ಯಾಸೆಂಜರ್ ಗಾಡಿ ಎಳೆಯುತ್ತಿದ್ದ ಉಗಿ ಎಂಜಿನ್. ನೀಲಕಂಠರ ತಂದೆ ಅದರ ಮೇಲೆ ಫೈರ್‌ಮನ್ ಆಗಿದ್ದರು, ಗದಗಿನ ದಾರಿಯುದ್ದಕ್ಕೂ ಒಲೆಗೆ ಕಲ್ಲಿದ್ದಲು ಎಸೆಯುತ್ತಿದ್ದರು. ಒಂದು ಸಲ ಮಗನನ್ನೂ ಹತ್ತಿಸಿಕೊಂಡಿದ್ದರಂತೆ. ಬೆಂಕಿಯ ಬಾಗಿಲು ತೆರೆದಾಗ ಹುಡುಗ ಹೆದರಿ ಹಿಂದೆ ಸರಿದ, ಅಪ್ಪ ಅವನ ಅಂಗಿಯ ಕಾಲರ್ ಹಿಡಿದುಕೊಂಡೇ ಒಂದು ಕೈಯಿಂದ ಕೆಲಸ ಮಾಡಿದರು. ಅಪ್ಪನೂ ಹೋದರು, ಎಂಜಿನ್ನೂ ಗುಜರಿಗೆ ಹೋಯಿತು, ಹಳಿಯನ್ನೂ ಕಿತ್ತು ಅಗಲದ್ದು ಹಾಕಿದರು. ನೀಲಕಂಠರಿಗೆ ಉಳಿದದ್ದು ಒಂದೇ ಆಸೆ. ಯಾವುದಾದರೂ ಕಂಪನಿ ವೈಪಿಯ ಡಬ್ಬಿ ತರಬೇಕು, ತಾನು ಅದನ್ನು ಕಟ್ಟಿ, ಅಪ್ಪ ನಿಂತಿದ್ದ ಜಾಗವನ್ನು ಕಣ್ಣಾರೆ ನೋಡಬೇಕು.

ಖಂಡೇನವಮಿಯ ದಿನ ಆಯುಧಪೂಜೆಗೆ ಡಬ್ಬಿ ಕಟ್ಟುವ ಇವರ ಗೆಳೆಯರ ಗುಂಪು ನಮ್ಮ ಮನೆಯಲ್ಲಿ ಸೇರುತ್ತಿತ್ತು. ಬ್ಲೇಡು, ಅರ, ಬಣ್ಣದ ಕುಂಚಗಳಿಗೆ ಕುಂಕುಮ ಹಚ್ಚಿ ಹೂವಿಡುವರು. ಮಂಗಳಾರತಿ ಆದ ಮೇಲೆ ಒಬ್ಬೊಬ್ಬರೂ ಆ ವರ್ಷ ಯಾವ ಡಬ್ಬಿ ಬರಬೇಕೆಂದು ಬಾಯಿಬಿಟ್ಟು ಕೇಳಬೇಕು, ಒಂದೇ ಕೇಳಬೇಕು. ಮೈಕ್‌ಸೆಟ್ ಅಂಗಡಿಯ ಮೆಹಬೂಬ, ನೀಲಕಂಠರ ಬಾಲ್ಯದ ಗೆಳೆಯ, ಉದ್ದ ಮೂತಿಯ ಹಳೇ ಬಸ್ಸು ಕೇಳುತ್ತಿದ್ದ. ರೋಹಿಣಿ ಟೀಚರ್ ಕಬ್ಬಿನ ಟ್ರ್ಯಾಕ್ಟರು ಕೇಳುತ್ತಿದ್ದರು, ಟ್ರೇಲರ್ ಸಮೇತ. ನೀಲಕಂಠರು ವೈಪಿ ಎನ್ನುವರು. ಮತ್ತೆ ಅದೇ ರಾಗ ಎಂದು ಎಲ್ಲರೂ ನಗುವರು. ಬೇರೆ ದೇಶದ ಎಂಜಿನ್ನುಗಳು ವರ್ಷವರ್ಷ ಬಂದವು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂದು ಮೆಹಬೂಬ ಸಮಾಧಾನ ಹೇಳುತ್ತಿದ್ದ. ಇವಳು ಬರಲಿಲ್ಲ.

ಅಂಥ ಒಂದು ನವಮಿಯಂದು ನೀಲಕಂಠರು ಹರಕೆ ಹೊತ್ತರು. ಜನ ಕಾಶಿಗೆ ಹೋಗಿ ಬದನೆಕಾಯಿ ಬಿಡುತ್ತಾರಲ್ಲ, ಇವರು ಡಬ್ಬಿ ಒಡೆಯುವುದನ್ನು ಬಿಟ್ಟರು. ವೈಪಿ ಬರುವ ತನಕ ಇನ್ನೊಂದು ಡಬ್ಬಿಯ ಹಾಳೆ ಹರಿಯುವುದಿಲ್ಲ ಎಂದು ಕುಂಕುಮದ ಬ್ಲೇಡು ಮುಟ್ಟಿ ಹೇಳಿದರು. ಅಂದಿನಿಂದ ನಾನು ಕಪಾಟಿನಲ್ಲಿ ಬಿದ್ದೆ. ಯಾರೋ ಬರಲಿಲ್ಲವೆಂದು ನನಗೆ ಉಪವಾಸ. ನನಗೆ ಆ ವೈಪಿಯನ್ನು ಕಂಡರೆ ಆಗುತ್ತಿರಲಿಲ್ಲ, ಕಾಣದೆಯೂ ಆಗುತ್ತಿರಲಿಲ್ಲ.

ಮೆಹಬೂಬ ಇನ್ನೊಂದು ದಾರಿ ಹೇಳುತ್ತಿದ್ದ. ಅವನೊಮ್ಮೆ ಹಳೇ ಸ್ಕೂಟರೊಂದನ್ನು ಪ್ಲಾಸ್ಟಿಕ್ ಹಾಳೆ ಕೊರೆದು ಕೈಯಾರೆ ಮಾಡಿದ್ದ, ಬಣ್ಣ ಆರುವ ಮೊದಲೇ ಅದರ ಡಬ್ಬಿ ಪೇಟೆಗೆ ಬಂತು. ಹೊಟ್ಟೆ ಉರಿದು ತನ್ನ ಸ್ಕೂಟರಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಅಂಗಡಿಯಲ್ಲಿ ತೂಗುಹಾಕಿದ. ಈ ಹವ್ಯಾಸದಲ್ಲಿ ಅದೊಂದು ಕಟ್ಟಳೆ, ಎಲ್ಲರಿಗೂ ಗೊತ್ತು. ನೀ ವೈಪಿ ಕೈಯಾರೆ ಮಾಡು, ಡಬ್ಬಿ ತಾನೇ ಓಡಿ ಬರುತ್ತದೆ ಎನ್ನುತ್ತಿದ್ದ. ನೀಲಕಂಠರು ಒಪ್ಪಲಿಲ್ಲ. ಅಪ್ಪನ ಎಂಜಿನ್ನು ಹೆಚ್ಚುಕಡಿಮೆ ಆಗಬಾರದು, ಒಂದೊಂದು ರಿವೆಟ್ಟೂ ಸರಿಯಿರಬೇಕು ಎಂದು ಕಾದರು.

ಹೀಗಿರುವಾಗ ಹಲ್ಲಿನ ಸೆಟ್ಟುಗಳು ತಿರುಗಿ ಬರತೊಡಗಿದವು. ಒಬ್ಬರಿಗೆ ಮೇಲಿನ ಸಾಲು ಕೆಳಗಿನದಕ್ಕೆ ಕೂಡಲಿಲ್ಲ, ಇನ್ನೊಬ್ಬರಿಗೆ ಅಗಿಯುವಾಗ ನಾಲಿಗೆ ಕಚ್ಚಿತು. ಇವರ ಕೈಯಿಂದ ಅಂಥ ತಪ್ಪು ಆಗಿದ್ದೇ ಇಲ್ಲ. ಶಾಂಭವಿ ಎಳೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದಾಗ ಗ್ಲಾಕೋಮಾ ಎಂದರು. ಹೋದ ನೋಟ ಮರಳುವುದಿಲ್ಲ, ಉಳಿದದ್ದೂ ಬಹಳ ದಿನದ್ದಲ್ಲ, ಬಹಳ ತಡವಾಗಿದೆ ಎಂದರು. ಸುರಂಗದ ಒಳಗಿನಿಂದ ಹೊರಗೆ ನೋಡಿದ ಹಾಗೆ ನಡುವೆ ಮಾತ್ರ ಒಂದಿಷ್ಟು ಬೆಳಕು ಕಾಣುತ್ತಿತ್ತು. ಅದನ್ನು ನೀಲಕಂಠರು ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದರು.

ಆ ದಿನ ಶಾಂಭವಿ ಸ್ಟೂಲು ಹತ್ತಿ ನನ್ನನ್ನು ಕೆಳಗಿಳಿಸಿ ಗಂಡನ ಮುಂದೆ ಇಟ್ಟರು. ಹರಕೆ ಇದೆಯಲ್ಲ ಎಂದರು ನೀಲಕಂಠರು.

“ಹರಕಿ ಹೊತ್ತಾಗ ಕಣ್ಣು ಇದ್ದವು,” ಎಂದರು ಶಾಂಭವಿ. “ದೇವರಿಗೆ ಏನಾರ ಸಿಟ್ಟು ಬಂದ್ರ ನನ್ನ ಮ್ಯಾಲೆ ಬರಲಿ. ಕಟ್ರಿ.”

ಕಾಯಿಪಲ್ಲೆ ಹೆಚ್ಚುವ ಚಾಕುವಿನಿಂದ ಅವರೇ ಹಾಳೆ ಸೀಳಿದರು. ಎಷ್ಟೋ ವರ್ಷಗಳ ಮೇಲೆ ನನಗೆ ಗಾಳಿ ತಾಕಿತು. ನನ್ನ ಸಂತೋಷವನ್ನು ಏನೆಂದು ಹೇಳಲಿ, ಹಿಮದ ಆ ಚಿತ್ರ, ಕಪ್ಪು ಹೊಗೆ ಎಲ್ಲ ನೆನಪಾದವು. ನೀಲಕಂಠರು ನನ್ನ ಹತ್ತು ಗಾಲಿಗಳನ್ನು ಬಿಡಿಸಿ ಸಾಲಾಗಿ ಇಟ್ಟರು. ಆಮೇಲೆ ನಾಲ್ಕನ್ನು ಪಕ್ಕಕ್ಕೆ ತಳ್ಳಿದರು. ವೈಪಿಗೆ ದೊಡ್ಡ ಗಾಲಿಗಳು ಆರೇ.

ಆಗ ತಿಳಿಯಿತು. ನನ್ನನ್ನು ನನ್ನಂತೆ ಕಟ್ಟುವುದಿಲ್ಲ, ಕಡಿದು ಅವಳನ್ನು ಮಾಡುತ್ತಾರೆ. ಹೊಟ್ಟೆಯನ್ನು ಉದ್ದಕ್ಕೂ ಸೀಳಿ ಒಂದು ಪಟ್ಟಿ ತೆಗೆದು ಸಣ್ಣ ಮಾಡಿದರು. ಎಡಬಲದ ಗಾಲಿಗಳನ್ನು ಮೀಟರ್ ಗೇಜಿಗೆ ಹತ್ತಿರ ತಂದರು. ಬಿರುಕುಗಳಿಗೆ ಹಲ್ಲಿನ ಸೆಟ್ಟಿನ ಒಸಡು ಮಾಡುವ ಗುಲಾಬಿ ಪುಡಿಯನ್ನೇ ಕಲಸಿ ತುಂಬಿದರು. ಬೂದು ಮೈ, ಗುಲಾಬಿ ಹೊಲಿಗೆ. ಕುಲ ಕೆಟ್ಟಿತು, ರೂಪವೂ ಕೆಟ್ಟಿತು ಎಂದು ನಾನು ಅತ್ತೆ. ಆದರೆ ಅವರ ಮುಖ ನನ್ನ ಮೇಲೆ ದಿನದಿನಕ್ಕೆ ಹತ್ತಿರ ಬಾಗುತ್ತಿತ್ತು. ಬ್ಲೇಡು ಬೆರಳಿಗೆ ತಾಗಿದರೂ ಒರೆಸಿಕೊಂಡು ಮುಂದುವರಿಯುತ್ತಿದ್ದರು, ಊಟಕ್ಕೆ ಕರೆದರೆ ಬೆಳಕು ಹೋಗುತ್ತದೆ ಎನ್ನುತ್ತಿದ್ದರು. ನೋಡುತ್ತ ನೋಡುತ್ತ ನನ್ನ ಸಿಟ್ಟು ಎಲ್ಲಿ ಹೋಯಿತೋ. ಬೇಗ ಕಡಿಯಿರಿ, ಬೇಗ ಅಂಟಿಸಿ, ಬೇಕಾದರೆ ಆ ಆರು ಗಾಲಿಗಳಲ್ಲೂ ಎರಡನ್ನು ತೆಗೆಯಿರಿ, ಆದರೆ ಮುಗಿಸಿ ಎಂದು ನಾನೇ ಬೇಡಿಕೊಳ್ಳತೊಡಗಿದೆ.

ಕೊನೆಗೆ ಉಳಿದದ್ದು ಚಾಲಕರು ನಿಲ್ಲುವ ಗೂಡು. ಬೆಂಕಿಯ ಬಾಗಿಲು, ಅದರ ಮುಂದೆ ನಾಲ್ಕು ಬೆರಳಗಲದ ನೆಲ. ಅಪ್ಪ ನಿಂತ ಜಾಗ ಅದು. ಶಾಂಭವಿ ಮೇಜಿನ ದೀಪವನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

“ಇನ್ನ ಸ್ವಲ್ಪ ಹತ್ರ ಹಿಡಿ,” ಎಂದರು ನೀಲಕಂಠರು.

ಅವರು ಹಿಡಿದರು.

“ಹತ್ರ ಹಿಡಿ ಅಂದ್ನೆಲ್ಲ, ಶಾಂಭವಿ.”

ದೀಪ ಆಗಲೇ ಅವರ ಮೂಗಿಗೆ ತಾಗುತ್ತಿತ್ತು. ಶಾಂಭವಿ ಅದನ್ನು ಅತ್ತಿತ್ತ ಆಡಿಸಿ ನೋಡಿದರು. ಬೆಳಕು ಅಲ್ಲಾಡಿದ್ದೂ ನೀಲಕಂಠರಿಗೆ ತಿಳಿಯಲಿಲ್ಲ. ಬೆರಳಿನಿಂದಲೇ ಅಂಚು ಹುಡುಕಿ ಗೂಡನ್ನು ಅಂಟಿಸಿದರು. ತುಸು ಓರೆಯಾಗಿದೆ. ಹೀಗೆ ನಾನು ಮುಗಿದೆ, ಅವರು ನನ್ನನ್ನು ಇಡಿಯಾಗಿ ನೋಡಲೇ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದು ಇದೇ. ಕಪ್ಪು ಬಣ್ಣ ನಾನು ಬಳಿಯುತ್ತೇನೆ ಎಂದು ಮೆಹಬೂಬ ಬಂದ. ಬೆರಳಿಗೆ ಬಣ್ಣ ಯಾತಕ್ಕೆ ಎಂದು ಇವರು ಕೊಡಲಿಲ್ಲ.

ಮೆಹಬೂಬನ ಕಟ್ಟಳೆ ಸುಳ್ಳಾಗಲಿಲ್ಲ. ಮುಂದಿನ ದಸರೆಯ ಹೊತ್ತಿಗೆ ವೈಪಿಯ ಡಬ್ಬಿ ಬಂತು. ಖಂಡೇನವಮಿಯ ದಿನ ಅವನೇ ಅದನ್ನು ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿದ, ನಗಲಿಲ್ಲ, ತಮಾಷೆ ಮಾಡಲಿಲ್ಲ. ಗೆಳೆಯನ ಮಡಿಲಲ್ಲಿ ಇಟ್ಟ. ನೀಲಕಂಠರು ಡಬ್ಬಿಯ ಮೇಲೆ ಕೈಯಾಡಿಸಿ, ಮುಚ್ಚಳದ ಮೇಲೆ ಏನಿದೆ ಎಂದು ಕೇಳಿದರು. ಸಂಜೆಯಾಗಿದೆ, ಗಾಡಿ ಸ್ಟೇಷನ್ನಿನಲ್ಲಿ ನಿಂತಿದೆ, ಗೂಡಿನೊಳಗೆ ಬೆಂಕಿಯ ಕೆಂಪು ಕಾಣುತ್ತದೆ ಎಂದು ಶಾಂಭವಿ ಹೇಳಿದರು. ಗೂಡಿನಲ್ಲಿ ಯಾರಾದರೂ ನಿಂತಿದ್ದಾರೆಯೇ ಎಂದು ಇವರು ಕೇಳಿದರು. ಯಾರೂ ಇಲ್ಲ ಎಂದರು ಶಾಂಭವಿ.

ನೀಲಕಂಠರು ಡಬ್ಬಿ ತೆರೆದು ಚೌಕಟ್ಟುಗಳ ಮೇಲೆ ಬೆರಳಾಡಿಸಿದರು. ನೂರಾರು ಸಣ್ಣ ತುಂಡುಗಳು, ಯಾವುದು ಕೊಳವೆ, ಯಾವುದು ಹಿಡಿಕೆ ಬೆರಳಿಗೆ ತಿಳಿಯುವುದಿಲ್ಲ. ಒಂದೊಂದು ರಿವೆಟ್ಟೂ ಸರಿಯಿದೆ ಎಂದು ರೋಹಿಣಿ ಟೀಚರ್ ಮೆಲ್ಲಗೆ ಹೇಳಿದರು. ನೀಲಕಂಠರು ಅದನ್ನು ಪಕ್ಕಕ್ಕಿಟ್ಟು ನನ್ನನ್ನು ಎತ್ತಿಕೊಂಡರು. ಅವರ ಹೆಬ್ಬೆರಳು ನನ್ನ ಗುಲಾಬಿ ಹೊಲಿಗೆ ಹಿಡಿದು ನೇರ ಗೂಡಿಗೆ ಹೋಯಿತು.

“ಇಲ್ಲೆ ನಿಂತಿದ್ದ ನಮ್ಮಪ್ಪ,” ಎಂದರು.

ಮಂಗಳಾರತಿ ಆಯಿತು, ಬಯಕೆ ಕೇಳುವ ಸರದಿ ಬಂತು. ಮೆಹಬೂಬ ತನ್ನ ಬಸ್ಸು ಕೇಳಿದ, ಟೀಚರ್ ತಮ್ಮ ಟ್ರ್ಯಾಕ್ಟರು ಕೇಳಿದರು, ಟ್ರೇಲರಿನ ಮಾತು ಎತ್ತಲಿಲ್ಲ. ನೀಲಕಂಠರ ಸರದಿಗೆ ಎಲ್ಲರೂ ತಲೆ ತಗ್ಗಿಸಿದರು. ಈ ಸಲ ಬಿಟ್ಟುಬಿಡು ಎಂದ ಮೆಹಬೂಬ. ಪದ್ಧತಿ ಬಿಡಬಾರದು ಎಂದು ಇವರು ನನ್ನನ್ನು ಮಡಿಲಲ್ಲಿ ಸರಿ ಮಾಡಿಕೊಂಡರು.

“ನನಗೊಂದು ಹಗಲು ಬರಲಿ,” ಎಂದರು. “ಒಂದ ಸಾಕು. ಇದನ್ನ ನೋಡಿ ಆ ಹಗಲನ್ನ ಮತ್ತ ಕೊಟ್ಟುಬಿಡ್ತೀನಿ.”

ಕುಂಕುಮ ಹಚ್ಚಿದ ಬ್ಲೇಡುಗಳ ಮುಂದೆ ಊದುಬತ್ತಿ ಉರಿದು ಮುಗಿಯಿತು.

ನಾನೀಗ ಕಿಟಕಿಯ ಪಕ್ಕದ ಮೇಜಿನ ಮೇಲೆ ಇರುತ್ತೇನೆ. ಅವರ ಬೆರಳು ದಿನಾ ಓಡಾಡಿ ನನ್ನ ಹೊಲಿಗೆಗಳು ನುಣುಪಾಗಿವೆ, ಗೂಡಿನ ನೆಲ ಸವೆಯುತ್ತ ಬಂದಿದೆ. ಬೇಡವಾದ ನಾಲ್ಕು ಗಾಲಿಗಳು ಹಲ್ಲುಗಳ ಡಬ್ಬಿಯಲ್ಲಿ ಬಿದ್ದಿವೆ. ಹೊಸ ಡಬ್ಬಿ ಕಪಾಟಿನಲ್ಲಿ ನಾನು ಮೊದಲು ಇದ್ದ ಜಾಗದಲ್ಲೇ ಕೂತಿದೆ. ಚೆಂದದ ಡಬ್ಬಿ, ಅದಕ್ಕೂ ತನ್ನ ಚಿತ್ರದ ಮೇಲೆ ಸೊಕ್ಕಿದೆ. ನನ್ನನ್ನು ಯಾವಾಗ ಕಟ್ಟುತ್ತಾರೆ ಎಂದು ಆಗಾಗ ಕೇಳುತ್ತದೆ. ನಾನೂ ವರ್ಷಗಟ್ಟಲೆ ಕೇಳಿದ ಪ್ರಶ್ನೆಯೇ ಅದು. ಇವರು ಜೀವಮಾನವೆಲ್ಲ ನಿನ್ನನ್ನೇ ಕಾದರು ಎಂದಷ್ಟೇ ಹೇಳುತ್ತೇನೆ, ಉಳಿದದ್ದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.