ಕನ್ನಿಮಾರ್ ಕಲ್ಲಿನ ಬಳಿಯ ನೀರುನಾಯಿಗಳು

ನನ್ನ ಹೆಂಡತಿ ಕಾಮಾಕ್ಷಿಯಮ್ಮಾಳ್ ತೀರಿಕೊಂಡು ಹನ್ನೊಂದು ತಿಂಗಳಾಗಿದ್ದಾಗ ನಾನು ಆ ಚಿತ್ರ ತೆಗೆದೆ. ಅದು ತೊಂಬತ್ತೆಂಟನೆಯ ಇಸವಿ, ಪೊಂಗಲ್ ಕಳೆದ ವಾರ.

ಹನುಮಂತನಪಟ್ಟಿಯ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ಮೇಲೆ ಕ್ಯಾಮೆರಾ ಹಿಡಿದು ಹೊಳೆ, ಕೆರೆ ಸುತ್ತುವುದೇ ನನ್ನ ಕೆಲಸವಾಗಿತ್ತು. ನೀರುಕಾಗೆ, ಕೊಕ್ಕರೆ, ಮಿಂಚುಳ್ಳಿಗಳ ಚಿತ್ರ ಒಂದು ಪೆಟ್ಟಿಗೆ ತುಂಬ ಇವೆ. ನೀರುನಾಯಿಯದು ಮಾತ್ರ ಒಂದೂ ಇರಲಿಲ್ಲ.

ಅವುಗಳನ್ನು ಮೊದಲು ಕಂಡವಳು ನನ್ನ ಹೆಂಡತಿಯೇ. ಹೊಳೆಯ ದಂಡೆಯಲ್ಲಿ ಏಳು ಕನ್ನಿಮಾರ್ ದೇವಿಯರ ಕಲ್ಲುಗಳಿವೆ. ಪ್ರತಿ ಶುಕ್ರವಾರ ಬೆಳಿಗ್ಗೆ ಹೋಗಿ ಅವಕ್ಕೆ ಅರಿಸಿನ ಹಚ್ಚಿ ದೀಪವಿಟ್ಟು ಬರುವುದು ಅವಳ ಪದ್ಧತಿ. ಒಂದು ಶುಕ್ರವಾರ ಏದುಸಿರು ಬಿಡುತ್ತ ಬಂದಳು.

"ಕಲ್ಲಿನ ಪಕ್ಕದ ಮತ್ತಿ ಮರ ಐತಲ್ಲ, ಅದರ ಬೇರಿನ ಕೆಳಗೆ ನೀರ್ನಾಯಿ ಮರಿ ಹಾಕೈತೆ. ಯಾರ ಹತ್ರಾನೂ ಬಾಯಿ ಬಿಡ್‌ಬ್ಯಾಡಿ. ನಿಮ್ ಬಾಯಿ ನಂಗೆ ಗೊತ್ತು."

ಅವಳು ಹೆದರಿದ್ದಕ್ಕೆ ಕಾರಣವಿತ್ತು. ಊರ ಕೆರೆಯ ಮೀನಿನ ಗುತ್ತಿಗೆ ಹಿಡಿದವನು ನೀರುನಾಯಿಗಳ ಮೇಲೆ ಹಲ್ಲು ಕಡಿಯುತ್ತಿದ್ದ. ಸಂಜೆ ಕೆರೆಗೆ ಬಂದು ಮೀನು ತಿನ್ನುವಾಗ ಅವು ಅವನ ಆಳುಗಳ ಕಣ್ಣಿಗೆ ಬೀಳುತ್ತಿದ್ದವು. ಆದರೆ ಅವುಗಳ ಬಿಲ ಎಲ್ಲಿದೆಯೆಂದು ಎರಡು ವರ್ಷ ಹುಡುಕಿದರೂ ಅವರಿಗೆ ಸಿಕ್ಕಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಅವಳು ಸತ್ತ ಮೇಲೂ ಬಿಡಲಿಲ್ಲ.

ಶುಕ್ರವಾರದ ದೀಪ ನನ್ನ ಪಾಲಿಗೆ ಬಂತು. ಮರುವರ್ಷವೂ ಅದೇ ಬಿಲದಲ್ಲಿ ಮರಿಗಳಾದವು. ಆರು ದಿನ ಬೆಳಿಗ್ಗೆ ಜೊಂಡಿನ ಮರೆಯಲ್ಲಿ ಕುಳಿತೆ. ಏಳನೆಯ ದಿನ ತಾಯಿ ಎರಡು ಮರಿಗಳೊಡನೆ ಬೇರಿನ ಮೇಲೆ ಬಂದು ಬಿಸಿಲಿಗೆ ಮೈಯೊಡ್ಡಿತು. ಪ್ರಾಣಿಗಳಷ್ಟನ್ನೇ ತೆಗೆದಿದ್ದರೆ ಆಗುತ್ತಿತ್ತು. ನನ್ನ ಮನಸ್ಸು ಒಪ್ಪಲಿಲ್ಲ. ಅವಳು ಕೈಯಾರೆ ಅರಿಸಿನ ಹಚ್ಚಿದ ದೇವಿಯರು, ಅವಳು ಕಂಡ ಮರಿಗಳು, ಎರಡೂ ಒಂದೇ ಚಿತ್ರದಲ್ಲಿರಲಿ ಎಂದುಕೊಂಡೆ. ಆ ಏಳು ತಾಯಂದಿರು ಮರಿಗಳನ್ನು ಕಾಯುತ್ತಾರೆ ಎಂಬ ನಂಬಿಕೆಯೂ ಇತ್ತು. ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು, ಕಲ್ಲುಗಳೂ ಬರುವಂತೆ ತೆಗೆದೆ.

ಕಂಬಂನಲ್ಲಿ ಸ್ಟುಡಿಯೋ ಇಟ್ಟಿರುವ ಶಕ್ತಿವೇಲ್ ನಮ್ಮ ಸಂಬಂಧಿಕ. ಫಿಲಂ ತೊಳೆದು ನೋಡಿ ಕುಣಿದಾಡಿದ.

"ಮಾಮಾ, ಇದನ್ನ ದೊಡ್ಡದು ಮಾಡಿ ಮುಂದಿನ ಗಾಜಿನಾಗೆ ಇಡ್ತೀನಿ. ಮದುವೆ ಹೆಣ್ಣು ಗಂಡು ನೋಡಿ ನೋಡಿ ಜನಕ್ಕೂ ಸಾಕಾಗೈತೆ."

"ಊರಿನ ಹೆಸರು ಬರೀಬೇಡಪ್ಪ."

"ನಿಮ್ ಹೆಸರು?"

ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಅವನು ನಕ್ಕು ನನ್ನ ಹೆಸರು ಬರೆದ. ಬಸ್ಸಿಗೆ ಕಾಯುವವರು ನಿಂತು ನೋಡುತ್ತಿದ್ದರು. ನಾನೂ ಎರಡು ಸಲ ಆ ದಾರಿಯಲ್ಲಿ ಸುಮ್ಮನೆ ನಡೆದು ಹೋದೆ.

ಒಂಬತ್ತು ದಿನ ಕಳೆಯಿತು. ಮಧ್ಯಾಹ್ನ ಪಾಂಡಿ ಮನೆಗೆ ಬಂದ. ನನ್ನ ಹಳೆಯ ವಿದ್ಯಾರ್ಥಿ, ಈಗ ಕೆರೆಯ ಗುತ್ತಿಗೆಯವನ ಬಳಿ ಕಾವಲಿಗಿದ್ದಾನೆ. ಕೈಯಲ್ಲಿ ನಾರಿನಿಂದ ಕಟ್ಟಿದ ಒಂದು ದೊಡ್ಡ ಮೀನು.

"ವಾತ್ತಿಯಾರೇ, ಒಂಬತ್ತನೇ ಕ್ಲಾಸ್‌ನಾಗೆ ಎರಡ್ ವರ್ಷ ಕೂರಿಸಿದ್ರಿ ನನ್ನ. ಕಣ್ಣಿದ್ದೂ ಕುರುಡ ಅಂತಿದ್ರಿ. ಈಗ ನೋಡಿ, ನಿಮ್ ಪಟ ನೋಡಿ ಜಾಗ ಹಿಡಿದೋನು ನಾನೇ!"

"ಯಾವ ಜಾಗ?"

"ಕನ್ನಿಮಾರ್ ಕಲ್ಲು ಹೊಳೆ ಉದ್ದಕ್ಕೂ ಐತೆ. ಮೂರನೇ ಕಲ್ಲು ಮುರಿದಿರೋದು ಒಂದೇ ಕಡೆ. ನಮ್ಮವ್ವ ಪೊಂಗಲ್ ಇಡೋದೂ ಅಲ್ಲೇ. ನಂಗೆ ಗೊತ್ತಾಗಲ್ವಾ?"

"ಏನು ಮಾಡಿದ್ರೋ, ಪಾಂಡಿ?"

"ನಿನ್ನೆ ಬಿಲದ ಬಾಯಿಗೆ ಬಲೆ ಕಟ್ಟಿ ಹೊಗೆ ಹಾಕಿದ್ವಿ. ತಾಯಿ, ಎರಡ್ ಮರಿ, ಮೂರೂ ಮುಗೀತು. ಗಂಡು ತಪ್ಪಿಸ್ಕೊಂಡಿತು. ನಾಳೆ ಬೆಳಿಗ್ಗೆ ಅದಕ್ಕೂ ಬಲೆ ಕಟ್ತೀವಿ." ಆಮೇಲೆ ಏನೋ ನೆನಪಾದವನಂತೆ ದನಿ ತಗ್ಗಿಸಿ ಹೇಳಿದ, "ಸಾಮಿ ಕಲ್ಲಿಗೆ ಏನೂ ಆಗಿಲ್ಲ ವಾತ್ತಿಯಾರೇ. ಚಪ್ಪಲಿ ದೂರ ಬಿಟ್ಟೇ ಹೋಗಿದ್ವಿ."

ಗುತ್ತಿಗೆಯವರು ಕೊಟ್ಟು ಕಳಿಸಿದ್ದಾರೆಂದು ಹೇಳಿ ಮೀನನ್ನು ಜಗುಲಿಯ ಮೇಲಿಟ್ಟು ಹೋದ. ಅವನ ಮಾತಿನಲ್ಲಿ ಕೆಡುಕು ಇರಲಿಲ್ಲ. ನನಗೆ ಒಳ್ಳೆಯ ಸುದ್ದಿ ತಂದೆನೆಂದೇ ಅವನು ತಿಳಿದಿದ್ದ.

ನಾನು ಹೊಳೆಗೆ ಹೋದೆ. ಮತ್ತಿಯ ಬೇರುಗಳು ಕಪ್ಪಾಗಿದ್ದವು. ಬಿಲದ ಬಾಯಲ್ಲಿ ಬೂದಿ, ಅರೆ ಸುಟ್ಟ ತೆಂಗಿನ ಗರಿ. ಕಲ್ಲುಗಳ ಮುಂದೆ ಕೈಮುಗಿದೆ. ಏನೆಂದು ಬೇಡಿಕೊಳ್ಳುವುದು? ಕಾಯುವವರೆಂದು ನಂಬಿ ಆ ದೇವಿಯರನ್ನು ಚಿತ್ರದೊಳಗೆ ಇರಿಸಿದವನು ನಾನು. ಬಿಲದ ಗುರುತು ಹೇಳಿಕೊಟ್ಟದ್ದು ಅವರೇ. ಅರವತ್ತೇಳು ವರ್ಷದಲ್ಲಿ ಮೊದಲ ಬಾರಿಗೆ ನನಗೆ ಪ್ರಾರ್ಥನೆಯ ಮಾತು ಬರಲಿಲ್ಲ.

ಆಗ ನೀರಿನಲ್ಲಿ ಸೀಟಿಯಂಥ ದನಿ ಕೇಳಿತು. ಗಂಡು ಬಂದಿತ್ತು. ಬಿಲದ ಕಡೆ ಮುಖ ಮಾಡಿ ಕೂಗುವುದು, ತುಸು ಹೊತ್ತು ಕಾಯುವುದು, ಮತ್ತೆ ಕೂಗುವುದು. ಒಳಗಿನಿಂದ ಉತ್ತರ ಬರುವಂತಿರಲಿಲ್ಲ. ಬೆಳಗಾದರೆ ಪಾಂಡಿಯ ಬಲೆ ಬರುತ್ತದೆ.

ನಾನು ದಂಡೆಯಿಂದ ಒಂದು ಸಣ್ಣ ಕಲ್ಲು ತೆಗೆದು ಅದರತ್ತ ಎಸೆದೆ.

"ಹೋಗು!" ಎಂದು ಕೂಗಿದೆ. "ಹೊಳೆ ಮೇಲಕ್ಕೆ ಹೋಗು! ಇಲ್ಲಿ ಯಾರೂ ಇಲ್ಲ!"

ಅದು ಮುಳುಗಿತು. ಮಾರು ದೂರದಲ್ಲಿ ತಲೆ ಎತ್ತಿ ಮತ್ತೆ ಬಿಲದ ಕಡೆಗೇ ಈಜಿತು. ಮತ್ತೊಂದು ಎಸೆದೆ, ಇನ್ನೊಂದು ಎಸೆದೆ. ಒಂದು ಬೆನ್ನಿಗೆ ತಗುಲಿದ ಸದ್ದು ಕೇಳಿಸಿತು. ಹೊತ್ತು ಮುಳುಗುವ ತನಕ ಎಸೆದೆ. ಪ್ರತಿ ಸಲವೂ ಅದು ತಿರುಗಿ ಬಂತು. ಕೊನೆಗೆ ನನ್ನ ತೋಳು ಮೇಲೇಳದಾಯಿತು.

ಅದು ಸುಟ್ಟ ಬೇರುಗಳನ್ನು ಹತ್ತಿತು. ಬೂದಿಯನ್ನು ಮೂಸಿ ನೋಡಿತು. ನನ್ನ ಕಡೆ ತಿರುಗಿಯೂ ನೋಡದೆ ಒಳಗೆ ಹೋಗಿ ಮಲಗಿತು.