ಮೊಣಕಾಲಿಗೊಂದು ತಿರುವು ಬೇಕಾಗಿದೆ

ಸವಣೂರಿನ ನಯೀಮನಿಗೆ ಮನೆಯವರು ಹೆಣ್ಣು ಹುಡುಕುತ್ತಿದ್ದರು. ಅವನು ತಿರುವು ಹುಡುಕುತ್ತಿದ್ದ. ಹೆಣ್ಣಿನ ಕಡೆಯವರು ಒಂದಿಬ್ಬರು ಬಂದು ಚಹಾ ಕುಡಿದು ಹೋಗಿದ್ದರು. ತಿರುವು ಮಾತ್ರ ಒಂದೂ ಒಪ್ಪಿಗೆಯಾಗಿರಲಿಲ್ಲ.

ತಪ್ಪು ಅವನದಲ್ಲ, ನಮ್ಮ ಕಡೆಯ ರಸ್ತೆಗಳದ್ದು. ಸವಣೂರಿನಿಂದ ಶಿಗ್ಗಾಂವಿಗೆ ಹೊರಟರೆ, ಗಾಡಿಗೆ ಹ್ಯಾಂಡಲ್ ಇಟ್ಟಿರುವುದು ಕಾಯಿಪಲ್ಲೆ ಚೀಲ ನೇತುಹಾಕುವುದಕ್ಕೇ ಇರಬೇಕು ಅನ್ನಿಸುತ್ತದೆ, ಅಷ್ಟು ನೇರ. ಹಾನಗಲ್ ಕಡೆ ರಸ್ತೆ ಒಮ್ಮೊಮ್ಮೆ ಸೊಂಟ ಬಳುಕಿಸಲು ನೋಡುತ್ತದೆ. ಅಷ್ಟರಲ್ಲಿ ಒಂದು ಹಂಪು ಅಡ್ಡ ಬಂದು ಗದರಿಸುತ್ತದೆ. ಇಂಥ ಸೀಮೆಯಲ್ಲಿ ನಯೀಮನಿಗೆ ಬೇಕಾಗಿದ್ದದ್ದು, ಗಾಡಿಯನ್ನು ನೆಲಕ್ಕೆ ಒರಗುವಷ್ಟು ಓರೆ ಮಾಡಿ, ಮೊಣಕಾಲು ಡಾಂಬರಿಗೆ ತಾಗಿಸುವಂಥ ತಿರುವು.

ಅದಕ್ಕೆ ಕಾರಣವೂ ಇತ್ತು. ಹುಬ್ಬಳ್ಳಿಯ ಒಂದು ಬೈಕ್ ಬಳಗ ತನ್ನ ಸದಸ್ಯರನ್ನು ಡಿಸೆಂಬರಿನಲ್ಲಿ ತಮಿಳುನಾಡಿನ ರೇಸ್ ಟ್ರ್ಯಾಕಿಗೆ ಕರೆದುಕೊಂಡು ಹೋಗುವುದಿತ್ತು. ನಯೀಮ ಹೈಸ್ಕೂಲಿನಿಂದ ಕನಸು ಕಂಡದ್ದು ಅದೊಂದನ್ನೇ. ಬಿ.ಕಾಂ. ಮುಗಿಸಿ ಅಪ್ಪನ ವೀಳ್ಯದೆಲೆ ವ್ಯಾಪಾರಕ್ಕೆ ಕುಳಿತರೂ, ಎಲೆಯ ಪೆಂಡಿ ಹೇರಿಕೊಂಡು ಗಾಡಿ ಹೊಡೆಯುವಾಗ ಅವನ ಕಿವಿಯಲ್ಲಿ ಟ್ರ್ಯಾಕಿನ ಗದ್ದಲವೇ. ಬಳಗ ಸೇರಲು ಅಡ್ಮಿನ್ ಹಾಲೇಶ ಒಂದೇ ಷರತ್ತು ಹಾಕಿದ್ದ: ಮೊಣಕಾಲು ನೆಲಕ್ಕೆ ಮುಟ್ಟಿದ ಫೋಟೋ ಕಳಿಸಬೇಕು. ಫೋಟೋ ಇಲ್ಲದವನಿಗೆ ಟ್ರ್ಯಾಕೂ ಇಲ್ಲ.

ನಯೀಮ ಅಮ್ಮಿ ರಮಜಾನಬಿಯ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆಯನ್ನು ಕೊರೆದು ಪ್ಯಾಂಟಿನ ಮೊಣಕಾಲಿಗೆ ಹೊಲಿಸಿಕೊಂಡ.

"ಉಳ್ಳಾಗಡ್ಡಿ ಇನ್ನ ನಿನ್ನ ತೊಡಿ ಮ್ಯಾಲ ಹೆಚ್ಚಲೇನೋ?" ಎಂದಳು ರಮಜಾನಬಿ.

ಕೊನೆಗೂ ತಿರುವು ಹುಡುಕಿಕೊಟ್ಟವನು ಹಿರೇಕೆರೂರಿನ ಸುಭಾಸ. ನಯೀಮನ ಕಾಲೇಜು ಗೆಳೆಯ, ಈಗ ಮದುವೆ ಫೋಟೋಗ್ರಾಫರ್.

"ಮಾಸೂರ ಕೆರೀ ಹತ್ರ ಒಂದು ಬಾಗು ಐತಿ, ದೋಸ್ತಾ. ಹೊಸಾ ಡಾಂಬರು. ಬಾಗಂದ್ರ ಬಾಗು! ಬೀಗರ ಮುಂದ ಹೆಣ್ಣಿನ ಅಪ್ಪ ಬಾಗಿದಂಗ ಬಾಗೇತಿ."

ಭಾನುವಾರ ಇಬ್ಬರೂ ಹೋಗಿ ನೋಡಿದರು. ಎಡಕ್ಕೆ ಹೊರಳುವ ಸುಂದರವಾದ ತಿರುವು. ಆದರೆ ತಿರುವಿನ ಒಳಮಗ್ಗುಲು, ಅರ್ಧ ರಸ್ತೆ, ಹಳದಿ. ಗೋವಿನಜೋಳ ಹರವಿ, ಅಂಚಿಗೆ ಕಲ್ಲು ಜೋಡಿಸಿ, ಪಕ್ಕದಲ್ಲಿ ಕೊಡೆ ಹಿಡಿದು ಮಾಸೂರಿನ ಸರೋಜವ್ವ ಕುಳಿತಿದ್ದಳು. ನಮ್ಮಲ್ಲಿ ಸುಗ್ಗಿ ಬಂತೆಂದರೆ ರಸ್ತೆ ಅರ್ಧ ಸರಕಾರದ್ದು, ಅರ್ಧ ಗೋವಿನಜೋಳದ್ದು.

ನಯೀಮ ವಿನಯದಿಂದ ಕೈಮುಗಿದ. "ಅವ್ವಾರ, ಇದನ್ನ ಸ್ವಲ್ಪ ಆ ಕಡೆ ಸರಸ್ತೀರೇನ್ರಿ? ನಾ ಹೊರಗಿಂದ ಬಂದು, ನಡುವ ಒಳಗ ತಾಗಿ, ಮತ್ತ ಹೊರಗ ಹೋಗಬೇಕ್ರಿ."

"ಹಂಗ ಬಂದು ತಾಗಿ ಹೋಗಾಕ ಇದೇನ್ ನಿಮ್ಮತ್ತಿ ಮನೀ ಏನೋ ತಮ್ಮಾ? ಮುಂಜಾನಿಂದ ಸಂಜೀತನಾ ಬಿಸಲು ಬೀಳೂದು ಇದೊಂದ ಬಾಗಿನಾಗ. ಹಸಿ ಇದ್ರ ವ್ಯಾಪಾರಿ ಮೂಸಿ ಸೈತ ನೋಡೂದಿಲ್ಲ. ಲಗೂ ಬೇಕಾದ್ರ ಚಪ್ಪಲಿ ಬಿಟ್ಟು ಕಾಲಾಡಸು."

ಕಾಲಾಡಿಸುವುದೆಂದರೆ, ಕಾಳಿನೊಳಗೆ ಬರಿಗಾಲು ಎಳೆಯುತ್ತ ಸಾಲು ಬಿಡುತ್ತ ಹೋಗುವುದು. ಅಡಿಯ ಹಸಿ ಕಾಳು ಮೇಲೆ ಬರುತ್ತದೆ, ಕಾಲಾಡಿಸಿದವನ ಜೀವ ಬಾಯಿಗೆ ಬರುತ್ತದೆ. ಇಬ್ಬರೂ ದಿನವಿಡೀ ಅದನ್ನೇ ಮಾಡಿದರು. ಹೊತ್ತು ಇಳಿದಾಗ ಚೀಲ ತುಂಬಿದರು, ನಯೀಮ ರಸ್ತೆ ಗುಡಿಸಿದ. ಸರೋಜವ್ವ ಚೀಲಗಳ ಮೇಲೆ ತಮಾಷೆ ನೋಡಲು ಕುಳಿತಳು.

ಮೊದಲ ಸಲ ನಯೀಮನ ಮೊಣಕಾಲಿಗೂ ನೆಲಕ್ಕೂ ನಡುವೆ ಕುರಿಯೊಂದು ಆರಾಮಾಗಿ ದಾಟಬಹುದಿತ್ತು. ಎರಡನೆಯ ಸಲ ಕಾಲಿಡುವ ಕಡ್ಡಿ ನೆಲಕ್ಕೆ ಉಜ್ಜಿ ಕಿರ್ ಎಂದಿತು. "ಕಿಡಿ ಹಾರ್‍ತಲೇ!" ಎಂದು ಸುಭಾಸ ಕುಣಿದ. ಮೂರನೆಯ ಸಲ ನಯೀಮ ಗಾಡಿಯನ್ನು ಇನ್ನಷ್ಟು ಮಲಗಿಸಿದ. ಮೈ ಸೀಟಿನ ಮೇಲೆಯೇ ನೆಟ್ಟಗೆ, ಮೊಣಕಾಲು ಮಾತ್ರ ಹೊರಗೆ, ಕಣ್ಣು ಆ ಮೊಣಕಾಲಿನ ಮೇಲೆ. ಹಲಗೆ ಡಾಂಬರಿಗೆ ಮುಟ್ಟಿತು. ಮರುಕ್ಷಣ ಎಡಗಡೆಯ ಸ್ಟ್ಯಾಂಡೂ ಮುಟ್ಟಿತು. ಆಮೇಲೆ ನಯೀಮನಲ್ಲಿ ಮುಟ್ಟದೆ ಉಳಿದದ್ದು ಕಡಿಮೆ. ಗಾಡಿ ಒಂದು ಕಡೆ, ಅವನೊಂದು ಕಡೆ ಜಾರಿ ಹೋಗಿ ಚೀಲಗಳ ಹತ್ತಿರ ನಿಂತರು. ನಿಂತರು ಅಂದರೆ, ಮಲಗಿದರು.

ದಪ್ಪ ಜಾಕೀಟು ಇದ್ದದ್ದರಿಂದ ಮೈ ಉಳಿಯಿತು. "ಕಾಳ ಉಳದಿದ್ವು, ಅದಕ್ಕ ಜಾರ್‍ತು," ಎಂದ ಮಲಗಿದಲ್ಲಿಂದಲೇ.

"ಎಲಾ ಇವನ! ನನ್ನ ಗೊಂಜಾಳದ ಮ್ಯಾಲ ಯಾಕ ಹಾಕ್ತೀ? ಕಸಬರಗಿ ತಗೊಂಡು ಗುಡಿಸಿದ್ದು ನೀನ!" ಎಂದಳು ಸರೋಜವ್ವ.

ಸುಭಾಸ ಕ್ಯಾಮೆರಾದಲ್ಲಿ ಮುಳುಗಿದ್ದ. ಬೀಳುವುದಕ್ಕೆ ತುಸು ಮೊದಲಿನ ಫೋಟೋವೊಂದು ಅದ್ಭುತವಾಗಿ ಬಂದಿತ್ತು. ಗಾಡಿ ಓರೆ, ಮೊಣಕಾಲು ನೆಲಕ್ಕೆ, ಮುಖ ಶಾಂತ.

"ಈ ಮಾರಿ ನೋಡಲೇ! ಅಕ್ಷತಾ ಬೀಳೂಮುಂದ ಮದುಮಗನ ಮಾರಿ ಹಿಂಗ ಇರತೈತಿ. ಮುಂದೇನೈತಿ ಅನ್ನೂದು ಪಾಪ ಗೊತ್ತಿರೂದಿಲ್ಲ."

ಆ ಒಂದು ಫೋಟೋ ಹುಬ್ಬಳ್ಳಿಗೆ ಹೋಯಿತು. ಮುಂದಿನವು ಹೋಗಲಿಲ್ಲ. ಹಾಲೇಶ ಬೆಂಕಿಯ ಇಮೋಜಿಗಳನ್ನು ಸಾಲಾಗಿ ಕಳಿಸಿ ಕೆಳಗೆ ಬರೆದ: "ಇಷ್ಟು ಓರೆ ನಾನೂ ಮಾಡಿಲ್ಲ. ನಮ್ಮ ಟ್ರೇನರ್ ಶಬನಮ ಕಣ್ಣಾರೆ ನೋಡಬೇಕಂತೆ. ಬರುವ ಭಾನುವಾರ ಎಲ್ಲರೂ ಅಲ್ಲಿಗೇ ಬರುತ್ತೇವೆ."

ನಯೀಮ ರಾತ್ರಿಯೆಲ್ಲ ಲೆಕ್ಕ ಹಾಕಿದ. ಮತ್ತೊಮ್ಮೆ ಮಾಡಿದರೆ ಬೀಳುತ್ತಾನೆ. ಮಾಡದಿದ್ದರೆ ಟ್ರ್ಯಾಕು ಹೋಯಿತು. ಮರುದಿನವೇ ಮಾಸೂರಿಗೆ ಓಡಿದ.

"ಅವ್ವಾರ, ಐತಾರ ರೋಡ್ ತುಂಬ ಹರವ್ರಿ. ಒಂದು ಸೈಕಲ್ ಸೈತ ದಾಟಬಾರದು."

"ಮತ್ತ ಬಸ್ಸು? ನೀ ತಲೀ ಮ್ಯಾಲ ಹೊತ್ಗೊಂಡು ದಾಟಸ್ತೀ ಏನು? ಮೊನ್ನಿ ತಗೀ ಅಂದಿ, ಈಗ ಹರವು ಅಂತಿ. ನಿನಗ ಗೊಂಜಾಳ ಬೇಕೋ ಬ್ಯಾಡೋ, ಮೊದಲ ಮನಿಯಾಗ ಕೇಳ್ಕೊಂಡು ಬಾ."

ಹೀಗಾಗಿ ಭಾನುವಾರವೂ ಅರ್ಧ ರಸ್ತೆಯೇ ಹಳದಿ. ಹುಬ್ಬಳ್ಳಿಯ ಗಾಡಿಗಳು ಗುಡುಗುತ್ತ ಬಂದವು. ಹಾಲೇಶನ ಮೈಮೇಲೆ ಕುತ್ತಿಗೆಯಿಂದ ಹಿಮ್ಮಡಿವರೆಗೆ ಚರ್ಮದ ಸೂಟು. ಒಳಗೆ ಮನುಷ್ಯ ಬೇಯುತ್ತಿರುವುದು ಹೊರಗೇ ಗೊತ್ತಾಗುತ್ತಿತ್ತು. ಶಬನಮ ಮಾತ್ರ ಹಳೆಯ ಗಾಡಿಯಿಂದ ಇಳಿದು, ಹೆಲ್ಮೆಟ್ ತೆಗೆದು, ತಿರುವನ್ನು ಒಮ್ಮೆ ನಡೆದು ನೋಡಿದಳು.

ನಯೀಮ ತುಟಿ ಕಚ್ಚಿ ದುಃಖ ನಟಿಸಿದ. "ಏನ್ ಮಾಡೂದು ಆಪಾ, ರೋಡ್ ಖಾಲಿ ಇಲ್ಲ. ರೈತರ ಹೊಟ್ಟೀ ಮ್ಯಾಲ ಗಾಡಿ ಹಾಯಸಾಕ ನನ್ನ ಮನಸ್ಸು ಒಪ್ಪೂದಿಲ್ಲ."

"ಹೌದ ನನ್ನಪ್ಪಾ!" ಸರೋಜವ್ವ ಕೊಡೆ ಮಡಚಿದಳು. "ರೋಡ್ ತುಂಬ ಹರವು ಅಂತ ಕಾಲು ಬಿದ್ದಾಂವ ನೀನ ಅಲ್ಲೇನು? ಹೋದ ಐತಾರ ಇಲ್ಲೇ ಬಿದ್ದಿತ್ರಿ ಇದು. ಹಿಂಗ ಬಂತು, ಕಿರ್‍ರ್ ಅಂತು, ಹಿಂಗ ಅಂಗಾತ ಆತು." ಕೈಕಾಲು ಚಾಚಿ, ಕಣ್ಣು ಮೇಲೆ ಮಾಡಿ, ಅವನು ಬಿದ್ದ ಭಂಗಿಯನ್ನು ಹೆಲ್ಮೆಟ್ಟಿನ ಕುಲುಕಾಟದ ಸಮೇತ ಮಾಡಿ ತೋರಿಸಿದಳು. ಮೂಲಕ್ಕಿಂತ ಚೆನ್ನಾಗಿತ್ತು ಎಂದು ಸುಭಾಸ ಇಂದಿಗೂ ಹೇಳುತ್ತಾನೆ.

ಎಲ್ಲರೂ ನಕ್ಕರು. ನಯೀಮ ನಗಲಿಲ್ಲ. ಟ್ರ್ಯಾಕು ಕೆರೆಯ ಆಚೆ ದಂಡೆಯಿಂದ ಕೈಬೀಸಿ ಹೋದಂತೆ ಅವನಿಗೆ ಕಂಡಿತು. ಶಬನಮ ಅವನ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಸವೆದು ಹೊಳೆಯುತ್ತಿದ್ದ ಸ್ಟ್ಯಾಂಡನ್ನು ಬೆರಳಿಂದ ಸವರಿದಳು.

"ಟೈರ್ ಜಾರಿಲ್ಲ ತಮ್ಮಾ. ಸ್ಟ್ಯಾಂಡ್ ನೆಲಕ್ಕ ಒದ್ದೈತಿ, ಗಾಲಿ ಎದ್ದೈತಿ. ನೀ ಮೈ ನೆಟ್ಟಗ ಇಟ್ಟು ಗಾಡಿ ಅಷ್ಟ ಮಲಗಿಸಿದಿ. ಮೈ ಒಳಗ ಬಗ್ಗಿದ್ರ ಅದ ವೇಗಕ್ಕ ಗಾಡಿ ಕಡಿಮಿ ಓರೆ ಆದ್ರ ಸಾಕು. ಮೊಣಕಾಲು ಅಳತೆಗೋಲು, ಊರುಗೋಲಲ್ಲ. ಎಷ್ಟು ಓರೆ ಆತು ಅಂತ ತಿಳಿಲಿ ಅಂತ ಅದನ್ನ ಬಿಡ್ತಾರ."

"ಮತ್ತ ಷರತ್ತಿನಾಗ..."

"ಆ ಷರತ್ತು ಹಾಕಿದ್ದು ಹಾಲೇಶ. ಅವನ ಮೊಣಕಾಲಿನಾಗ ರಾಡ್ ಐತಿ."

ಹಾಲೇಶ ಕೆಮ್ಮಿದ.

"ಟ್ರ್ಯಾಕಿಗೆ ಬರ್ತೀ?" ಶಬನಮ ಎದ್ದಳು. "ಹಂಗಾರ ಈ ಬಾಗು ದಾಟು. ಮೊಣಕಾಲು ಮುಟ್ಟಬಾರದು, ಗೊಂಜಾಳದ ಒಂದು ಕಾಳೂ ಮುಟ್ಟಬಾರದು. ಆಚೆ ಕಡಿ ಯಾರೂ ಬರದಂಗ ನಾ ನಿಂದರ್ತೇನಿ. ಪಾಸೋ ನಪಾಸೋ, ಅವ್ವಾರು ಹೇಳ್ಲಿ."

ನಯೀಮ ಗಾಡಿ ಹತ್ತಿದ. ತಿರುವು ಬರುವ ಮೊದಲೇ ಬ್ರೇಕ್ ಹಿಡಿದು ವೇಗ ಇಳಿಸಿದ. ಎದೆಯನ್ನು ಎಡಗೈ ಕಡೆಗೆ ಇಳಿಬಿಟ್ಟ. ಹಳದಿ ಅಂಚು ಹತ್ತಿರ ಹತ್ತಿರ ಬಂತು. ಕಣ್ಣಿಗೆ ಅದನ್ನೇ ನೋಡುವ ಚಟ. ಕಣ್ಣು ಹೋದಲ್ಲಿ ಗಾಡಿ ಹೋಗುತ್ತದೆ ಎಂದು ಅವನು ಹಲವು ವಿಡಿಯೋಗಳಲ್ಲಿ ಕೇಳಿದ್ದ, ನಂಬಿರಲಿಲ್ಲ. ಸಾಲದ್ದಕ್ಕೆ ಸರೋಜವ್ವ, "ಕಾಳೋ! ನನ್ನ ಕಾಳೋ!" ಎಂದು ಕೂಗುತ್ತಿದ್ದಳು. ನಯೀಮ ಹಲ್ಲು ಕಚ್ಚಿ, ತಿರುವಿನ ಕೊನೆಯಲ್ಲಿ ನಿಂತ ಶಬನಮಳನ್ನೇ ನೋಡಿದ. ಗಾಡಿ ಮೆಲ್ಲಗೆ ಒರಗಿತು, ಕಲ್ಲುಗಳ ಪಕ್ಕದಲ್ಲಿ ಸರ್ರನೆ ಹರಿಯಿತು, ಎದ್ದು ನಿಂತಿತು. ಕಿರ್ ಎನ್ನಲಿಲ್ಲ.

ಸರೋಜವ್ವ ಬಗ್ಗಿ ಅಂಚಿನುದ್ದಕ್ಕೂ ನೋಡುತ್ತ ಬಂದಳು. ಒಂದು ಕಡೆ ನಿಂತು ಕಾಳೊಂದನ್ನು ಎತ್ತಿದಳು.

"ಒಡದೈತಿ."

ಅವಳು ಕಾಳನ್ನು ಬಿಸಿಲಿಗೆ ಹಿಡಿದಳು. "ಇದು ಮುಂಜಾನಿ ಬಸ್ಸಿಂದು. ಹಿಟ್ಟಾಗೈತಿ. ಇವಂದಲ್ಲ. ಪಾಸ್ ಮಾಡ್ರಿ."

"ಡಿಸೆಂಬರ್‌ಕ್ಕ ರೆಡಿ ಆಗು," ಎಂದಳು ಶಬನಮ. ನಯೀಮ ಹೆಲ್ಮೆಟ್ ತೆಗೆಯಲು ಮರೆತು ಅದರೊಳಗೇ ಕೂಗಿದ. ಹೊರಗೆ ಪ್ರೆಶರ್ ಕುಕ್ಕರಿನ ಸೀಟಿಯಂತೆ ಕೇಳಿತು.

ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಾಲೇಶನಿಗೆ ಅಡ್ಮಿನ್ನನ ಮರ್ಯಾದೆ ಇತ್ತಲ್ಲ. "ಇದೇನ್ ಮಹಾ?" ಎನ್ನುತ್ತ ಎಮ್ಮೆಯಂಥ ಗಾಡಿ ಹತ್ತಿ ಬಂದ. "ಕಾಳೋ!" ಎಂದಳು ಸರೋಜವ್ವ. ಹಾಲೇಶ ಕಾಳು ನೋಡಿದ. ಗಾಡಿಯೂ ನೋಡಿತು. ಕಲ್ಲು ಹಾರಿತು, ಹರವಿದ ಗೋವಿನಜೋಳದ ನಟ್ಟನಡುವೆ ಒಂದು ಆಳವಾದ ಸಾಲು ಬಿಡುತ್ತ ಹೋಗಿ ಗಾಡಿ ಹೂತು ನಿಂತಿತು.

ಸರೋಜವ್ವ ಮೊದಲು ಚಾವಿ ಕಿತ್ತುಕೊಂಡಳು, ಆಮೇಲೆ ಬೈಯಲು ಶುರು ಮಾಡಿದಳು.

ಚರ್ಮದ ಸೂಟಿನ ಹಾಲೇಶ ಚಾವಿ ಬಿಡಿಸಿಕೊಳ್ಳಲು ಬೂಟು ಬಿಚ್ಚಿ, ಕಾಲಾಡಿಸುವುದಕ್ಕೆ ಗೋವಿನಜೋಳದೊಳಗೆ ಇಳಿದ. "ಕಾಲು ಎತ್ತಬ್ಯಾಡ್ರಿ ಸರ್, ಎಳೀರಿ," ಎಂದು ನಯೀಮ ದಂಡೆಯಲ್ಲಿ ನಿಂತು ಕಲಿಸಿಕೊಟ್ಟ. ಸುಭಾಸ ಕ್ಯಾಮೆರಾ ಎತ್ತಿ, ಮದುವೆ ಮನೆಯ ದನಿಯಲ್ಲಿ ಅಂದ: "ಸರ್, ಸ್ವಲ್ಪ ಈ ಕಡೆ ಓರೆ ಆಗ್ರಿ. ಹಾಂ, ನಗ್ರಿ. ಅವ್ವಾರ, ನೀವು ಬಾಜೂಕ ನಿಂದರ್ರಿ."

"ಚಾವಿ ಕಾಣಂಗ ತಗೀ," ಎಂದಳು ಸರೋಜವ್ವ.